ಬಂತಾ? ಇಲ್ಲ. ಈಗ ಬಂತಾ?

ನಮ್ಮ ಮನೆಯ ಡಿಶ್ ಕೆಟ್ಟಿದ್ದು ಮಳೆಯಿಂದಲ್ಲ, ನನ್ನಿಂದ. ಆದರೆ ನಾಲ್ಕು ದಿನ ಎಲ್ಲರ ಹತ್ತಿರವೂ ನಾನು ಹೇಳಿದ್ದು “ಗಾಳಿಗೆ ತಿರುಗಿದೆ” ಅಂತಲೇ. ಐದನೇ ದಿನ ತಂಗಿಯ ಗಣಿತದ ನೋಟ್ ಪುಸ್ತಕ ನೋಡಿದೆ. ಆಮೇಲೆ ಆ ಸುಳ್ಳು ಬಾಯಿಗೆ ಬರಲಿಲ್ಲ.

ಇದು 2020ರ ಮಳೆಗಾಲದ ಮಾತು. ಪತ್ರಿಕೋದ್ಯಮದಲ್ಲಿ ಎಂ.ಎ. ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಏಳು ತಿಂಗಳಾಗಿತ್ತು. ಲಾಕ್‌ಡೌನ್ ಬಂತು, ಕೆಲಸ ಹೋಯಿತು. ಎರಡು ಚೀಲ ಹಿಡಿದು ಹೊಸನಗರ ತಾಲ್ಲೂಕಿನ ನಮ್ಮ ಊರಿಗೆ ವಾಪಸ್ ಬಂದೆ. ಊರು ಅಂದರೆ ಹನ್ನೊಂದು ಮನೆ, ನಡುವೆ ಅಡಿಕೆ ತೋಟ, ಸುತ್ತ ಕಾಡು. ಮೊಬೈಲ್ ನೆಟ್‌ವರ್ಕ್ ಬೇಕೆಂದರೆ ಮನೆ ಹಿಂದಿನ ಗುಡ್ಡ ಹತ್ತಬೇಕು. ಅಲ್ಲೊಂದು ಬಂಡೆ ಇದೆ. ಅದರ ಮೇಲೆ ನಿಂತರೆ ಎರಡು ಕಡ್ಡಿ ಬರುತ್ತದೆ. ಕೂತರೆ ಒಂದು.

ತಂಗಿ ಆಗ ಹತ್ತನೇ ಕ್ಲಾಸು. ಶಾಲೆ ಮುಚ್ಚಿತ್ತು. ಪೇಟೆಯ ಮಕ್ಕಳಿಗೆ ಮೊಬೈಲ್‌ನಲ್ಲಿ ಪಾಠ ನಡೆಯುತ್ತಿದೆ ಎಂದು ಪೇಪರ್‌ನಲ್ಲಿ ಬರುತ್ತಿತ್ತು. ನಮ್ಮಂಥವರ ಮನೆಗೆ ಪಾಠ ಬಂದದ್ದು ಟಿವಿಯಲ್ಲಿ. ಜುಲೈ ತಿಂಗಳಲ್ಲಿ ಚಂದನ ವಾಹಿನಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಪಾಠ ಶುರುವಾಯಿತು. ನಮ್ಮ ಮನೆಯಲ್ಲಿ ಇದ್ದದ್ದು ದೂರದರ್ಶನದ ಫ್ರೀ ಡಿಶ್. ತಿಂಗಳ ದುಡ್ಡು ಇಲ್ಲ, ರೀಚಾರ್ಜ್ ಇಲ್ಲ. ಅಪ್ಪ ವರ್ಷಗಳ ಹಿಂದೆ ಹಾಕಿಸಿದ್ದು. ಅಲ್ಲಿಯವರೆಗೆ ಅದು ಅಜ್ಜಿಯ ಹಳೇ ಸಿನಿಮಾದ ಡಬ್ಬಿಯಾಗಿತ್ತು. ಜುಲೈನಿಂದ ತಂಗಿಯ ಶಾಲೆಯಾಯಿತು.

ಆಗಸ್ಟ್ ಮೊದಲ ವಾರ ನಮ್ಮ ಕಡೆ ಮಳೆ ಅಂದರೆ ಮಳೆ. ಒಂದು ದಿನ ಪಾಠ ನಡೆಯುತ್ತಿರುವಾಗಲೇ ಚಿತ್ರ ಚೌಕ ಚೌಕವಾಗಿ ಒಡೆಯಿತು. ಮೇಷ್ಟ್ರ ಮುಖ ಅರ್ಧ ಕಂಡಿತು, ಅರ್ಧ ಹೋಯಿತು. ಆಮೇಲೆ ‘ನೋ ಸಿಗ್ನಲ್’. ತಂಗಿ ಪೆನ್ನು ಹಿಡಿದುಕೊಂಡು ನನ್ನ ಮುಖ ನೋಡಿದಳು. ಎಂ.ಎ. ಓದಿದ ಅಕ್ಕ ಇದ್ದಾಳಲ್ಲ! ನನಗೂ ಏನಾದರೂ ಮಾಡಿ ತೋರಿಸಬೇಕು ಅನ್ನಿಸಿತು. ಕೆಲಸ ಕಳೆದುಕೊಂಡು ಮನೆಗೆ ಬಂದವಳಿಗೆ ಆ ಆಸೆ ಸ್ವಲ್ಪ ಜಾಸ್ತಿಯೇ ಇರುತ್ತದೆ.

ಕಂಬಳಿಕೊಪ್ಪೆ ಹಾಕಿಕೊಂಡು ಅಂಗಳಕ್ಕೆ ಇಳಿದೆ. ಕಬ್ಬಿಣದ ಕಂಬದ ಮೇಲೆ ಡಿಶ್ ಸುಮ್ಮನೆ ನಿಂತಿತ್ತು. ಅಲ್ಲಾಡಿಸಿದೆ. ತುಕ್ಕು ಹಿಡಿದ ಬೋಲ್ಟು ಸಡಿಲಾಯಿತು. ಬಲಕ್ಕೆ ತಳ್ಳಿದೆ, “ಬಂತೇನೇ?” ಎಂದು ಕೂಗಿದೆ. ಇಲ್ಲ. ಎಡಕ್ಕೆ ಎಳೆದೆ. ಇಲ್ಲ. ಮೇಲಕ್ಕೆತ್ತಿದೆ. ಇಲ್ಲ. ಅರ್ಧ ಗಂಟೆಯ ನಂತರ ಒದ್ದೆಯಾಗಿ ಒಳಗೆ ಬಂದೆ. ಸಂಜೆ ಮಳೆ ನಿಂತಿತು. ಸಿಗ್ನಲ್ ಬರಲಿಲ್ಲ. ಅಪ್ಪ ತೋಟದಿಂದ ಬಂದು ಕೇಳಿದಾಗ ನನ್ನ ಬಾಯಿಂದ ಬಂದದ್ದು ಆ ಮಾತು: “ಗಾಳಿಗೆ ತಿರುಗಿದೆ ಅಪ್ಪಾ.” ತಂಗಿ ಪಕ್ಕದಲ್ಲೇ ಇದ್ದಳು. ಏನೂ ಹೇಳಲಿಲ್ಲ.

ಈಗ ಗೊತ್ತಿರುವ ಸಂಗತಿ ಅವತ್ತು ಗೊತ್ತಿದ್ದರೆ ನಾನು ಅಂಗಳಕ್ಕೇ ಇಳಿಯುತ್ತಿರಲಿಲ್ಲ. ಡಿಶ್‌ಗೆ ಬರುವ ಅಲೆಯ ಉದ್ದ ಎರಡೂವರೆ ಸೆಂಟಿಮೀಟರ್ ಆಸುಪಾಸು, ನಮ್ಮ ಹೆಬ್ಬೆರಳಿನ ಒಂದು ಗೆಣ್ಣಿನಷ್ಟು. ಅಂಥ ಸಣ್ಣ ಅಲೆಯನ್ನು ದಪ್ಪ ಮಳೆಹನಿಗಳು ಹೀರಿಕೊಳ್ಳುತ್ತವೆ, ಚದುರಿಸುತ್ತವೆ. ಮೋಡ ಕಟ್ಟಿ ಜಡಿಮಳೆ ಹೊಡೆಯುವಾಗ ಚಿತ್ರ ಹೋಗುವುದು ಅದಕ್ಕೇ. ಆಗ ಡಿಶ್ ತಿರುಗಿರುವುದಿಲ್ಲ. ಕಾಯಬೇಕು ಅಷ್ಟೆ. ಮಳೆ ಇಳಿದರೆ ತಾನೇ ಬರುತ್ತದೆ. ಮಳೆಯಲ್ಲಿ ಹೋಗಿ ತಿರುಗಿಸಿದವರು ಮಾತ್ರ ಮಳೆ ನಿಂತ ಮೇಲೂ ಕಾಯುತ್ತಾರೆ.

ಪೇಟೆಯ ಡಿಶ್ ಮೆಕ್ಯಾನಿಕ್‌ಗೆ ಫೋನ್ ಮಾಡಲು ಗುಡ್ಡ ಹತ್ತಿದೆ. ಅವರ ಬೀದಿ ಸೀಲ್‌ಡೌನ್ ಆಗಿತ್ತು. “ಹದಿನೈದು ದಿನ ಆಚೆ ಬರೋ ಹಾಗಿಲ್ಲ ಕಣಮ್ಮಾ. ನೀವೇ ಮಾಡ್ಕೊಳ್ಳಿ, ಕಷ್ಟ ಇಲ್ಲ. ಕ್ವಾಲಿಟಿ ನೋಡಿ, ಸ್ಟ್ರೆಂತ್ ನೋಡಬೇಡಿ” ಅಂದರು. ಮುಂದೆ ಏನೋ ಹೇಳುತ್ತಿದ್ದರು, ಲೈನ್ ಕಟ್ ಆಯಿತು. ಆ ಒಂದು ಮಾತು ಹಿಡಿದುಕೊಂಡು ಗುಡ್ಡ ಇಳಿದೆ. ಆದರೆ ಅದರ ಅರ್ಥ ಆಗಿರಲಿಲ್ಲ.

ಎರಡು ದಿನ ನಾನು ಸ್ಟ್ರೆಂತ್ ಹಿಂದೆಯೇ ಬಿದ್ದೆ. ಸೆಟ್ ಟಾಪ್ ಬಾಕ್ಸ್‌ನ ಮೆನುವಿನಲ್ಲಿ ಎರಡು ಪಟ್ಟಿ ಬರುತ್ತವೆ. ಮೇಲಿನದು ಸ್ಟ್ರೆಂತ್, ಕೆಳಗಿನದು ಕ್ವಾಲಿಟಿ. ನಮ್ಮದರಲ್ಲಿ ಸ್ಟ್ರೆಂತ್ 80 ತೋರಿಸುತ್ತಿತ್ತು. ಕ್ವಾಲಿಟಿ ಸೊನ್ನೆ. ಎಂಬತ್ತು ಬಂದಿದೆ, ಇನ್ನು ಸ್ವಲ್ಪ ತಿರುಗಿಸಿದರೆ ಆಯಿತು ಅಂದುಕೊಂಡೆ. ಕೊನೆಗೆ ಸಿಟ್ಟು ಬಂದು ಡಿಶ್ಶನ್ನು ಪೂರ್ತಿ ನೆಲದ ಕಡೆ ಬಗ್ಗಿಸಿದೆ. ಆಗಲೂ ಸ್ಟ್ರೆಂತ್ ಎಂಬತ್ತರ ಹತ್ತಿರವೇ!

ಆಮೇಲೆ ತಿಳಿಯಿತು. ಡಿಶ್‌ನ ಎದುರು ಕೋಲಿನ ತುದಿಯಲ್ಲಿ ಒಂದು ಮೂತಿ ಇರುತ್ತದಲ್ಲ, ಅದು ಎಲ್‌ಎನ್‌ಬಿ. ಬುಟ್ಟಿ ಒಟ್ಟು ಮಾಡಿದ ಸಿಗ್ನಲ್ ಹಿಡಿದು ದೊಡ್ಡದು ಮಾಡಿ ಕೇಬಲ್‌ಗೆ ಕಳಿಸುವುದು ಅದರ ಕೆಲಸ. ಕರೆಂಟ್ ಹೋಗುತ್ತಿದ್ದರೆ ಅದು ಏನಾದರೂ ಒಂದನ್ನು ಕಳಿಸುತ್ತಲೇ ಇರುತ್ತದೆ, ಬರೀ ಗದ್ದಲವನ್ನಾದರೂ. ಸ್ಟ್ರೆಂತ್ ಅಳೆಯುವುದು ಆ ಒಟ್ಟು ಗದ್ದಲವನ್ನು. ಅದರೊಳಗೆ ನಮಗೆ ಬೇಕಾದ ಮಾತು ಎಷ್ಟು ಸ್ಪಷ್ಟವಾಗಿದೆ ಅನ್ನುವುದನ್ನು ಹೇಳುವುದು ಕ್ವಾಲಿಟಿ. ಸ್ಟ್ರೆಂತ್ ಬರೀ ಸದ್ದು, ಕ್ವಾಲಿಟಿ ಸುದ್ದಿ. ಪತ್ರಿಕೋದ್ಯಮ ಓದಿದವಳಿಗೆ ಈ ವ್ಯತ್ಯಾಸ ಮೊದಲೇ ಗೊತ್ತಿರಬೇಕಿತ್ತು. ಸ್ಟ್ರೆಂತ್ ಸೊನ್ನೆ ಇದ್ದರೆ ಕೇಬಲ್, ಪಿನ್ ಅಥವಾ ಎಲ್‌ಎನ್‌ಬಿ ನೋಡಬೇಕು. ಸ್ಟ್ರೆಂತ್ ಇದ್ದು ಕ್ವಾಲಿಟಿ ಸೊನ್ನೆ ಆದರೆ ಮೊದಲು ನೋಡಬೇಕಾದ್ದು ದಿಕ್ಕನ್ನು.

ಮೂರನೇ ದಿನ ಇನ್ನೊಂದು ಬುದ್ಧಿವಂತಿಕೆ ಮಾಡಿದೆ. ಕೆಳಗಿನ ಮನೆಯವರ ಟಿವಿ ಚೆನ್ನಾಗಿ ಬರುತ್ತಿತ್ತು. ಅವರ ಡಿಶ್ ಹೇಗೆ ನಿಂತಿದೆ ನೋಡಿಕೊಂಡು ಬಂದು ನಮ್ಮದನ್ನೂ ಹಾಗೇ ನಿಲ್ಲಿಸಿದೆ. ಏನೂ ಬರಲಿಲ್ಲ. ಅವರದು ದುಡ್ಡು ಕಟ್ಟುವ ಕಂಪನಿ ಡಿಶ್. ಎಲ್ಲ ಡಿಶ್‌ಗಳೂ ಒಂದೇ ಕಡೆ ನೋಡುತ್ತವೆ ಎಂದು ನಾನು ತಿಳಿದಿದ್ದೆ. ಹಾಗಲ್ಲ. ಒಂದು ಕಂಪನಿಯ ಉಪಗ್ರಹ 83 ಡಿಗ್ರಿಯಲ್ಲಿ, ಇನ್ನೊಂದರದು 95ರಲ್ಲಿ, ಮತ್ತೊಂದರದು 108ರ ಹತ್ತಿರ. ಫ್ರೀ ಡಿಶ್ ಬರುವುದು ಜಿಸ್ಯಾಟ್-15ರಿಂದ. ಅದು ಇರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ.

ಈ ಡಿಗ್ರಿ ಅಂದರೆ ಏನು ಅನ್ನುವುದನ್ನು ನಾನು ತಂಗಿಯ ಸಮಾಜ ವಿಜ್ಞಾನದ ಭೂಪಟದಲ್ಲೇ ಕಂಡುಕೊಂಡೆ. ನಮ್ಮ ಊರು ಸುಮಾರು 75 ಡಿಗ್ರಿ ಗೆರೆಯ ಮೇಲಿದೆ. 93.5ರ ಗೆರೆ ಹುಡುಕಿದರೆ ಅದು ಅಂಡಮಾನ್ ನಿಕೋಬಾರ್ ಕಡೆ ಹೋಗುತ್ತದೆ. ಅದೇ ಗೆರೆ ಹಿಡಿದು ಕೆಳಗೆ ಭೂಮಧ್ಯರೇಖೆಯವರೆಗೆ ಬನ್ನಿ. ಬರೀ ಸಮುದ್ರ. ಆ ಸಮುದ್ರದ ನೆತ್ತಿಯ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಮ್ಮ ಉಪಗ್ರಹ ಇದೆ. ಭೂಮಿ ಒಂದು ಸುತ್ತು ತಿರುಗುವಷ್ಟು ಹೊತ್ತಿಗೆ ಅದೂ ಒಂದು ಸುತ್ತು ಹಾಕುವುದರಿಂದ ನಮಗೆ ಅದು ಯಾವಾಗಲೂ ಒಂದೇ ಜಾಗದಲ್ಲಿ ನಿಂತ ಹಾಗೆ. ಹಾಗಾಗಿಯೇ ಡಿಶ್ಶನ್ನು ಒಮ್ಮೆ ಸರಿಯಾಗಿ ನಿಲ್ಲಿಸಿದರೆ ಮತ್ತೆ ತಿರುಗಿಸುವ ಕೆಲಸ ಇಲ್ಲ.

ಜಿಸ್ಯಾಟ್-15 ಹಾರಿದ್ದು 2015ರ ನವೆಂಬರ್ 11ರಂದು, ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಿಂದ. ಹಾರಿದ ಮೇಲೆ ಅದರ ಲಗಾಮು ಹಿಡಿದದ್ದು ನಮ್ಮ ಹಾಸನದ ಇಸ್ರೊ ನಿಯಂತ್ರಣ ಕೇಂದ್ರ. ಹಾಸನ ಬಸ್ ಸ್ಟ್ಯಾಂಡಿನಲ್ಲಿ ಎಷ್ಟು ಸಲ ಇಳಿದು ಹತ್ತಿದ್ದೇನೋ, ನಮ್ಮ ಅಂಗಳದ ತುಕ್ಕು ಕಂಬಕ್ಕೂ ಆ ಊರಿಗೂ ನಂಟಿದೆ ಎಂದು ಗೊತ್ತಿರಲಿಲ್ಲ.

ಸರಿ, ದಿಕ್ಕು ತಿಳಿಯಿತು. ಪೂರ್ವಕ್ಕೂ ದಕ್ಷಿಣಕ್ಕೂ ನಡುವೆ. ಮೊಬೈಲ್‌ನ ದಿಕ್ಸೂಚಿ ತೆಗೆದು ಕಂಬದ ಪಕ್ಕ ಹಿಡಿದೆ. ಅದು ಒಮ್ಮೆ ಒಂದು ಕಡೆ ತೋರಿಸಿತು, ಒಮ್ಮೆ ಇನ್ನೊಂದು ಕಡೆ. ಕಬ್ಬಿಣದ ಕಂಬ, ಮೇಲೆ ಕೊಟ್ಟಿಗೆಯ ತಗಡು. ಕಬ್ಬಿಣದ ಹತ್ತಿರ ದಿಕ್ಸೂಚಿ ದಾರಿ ತಪ್ಪುತ್ತದೆ. ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಾ ಕೂತಿದ್ದ ಅಜ್ಜಿ ಕೇಳಿದರು, “ಎಂತ ಹುಡುಕ್ತಿದೀಯೇ?”

“ಆಗ್ನೇಯ ದಿಕ್ಕು ಅಜ್ಜಿ.”

“ಅದಕ್ಕೆ ಮೊಬೈಲ್ ಬೇಕಾ? ಒಲೆ ಎಲ್ಲಿದೆ ನೋಡು.”

ನಮ್ಮದು ಹಳೇ ಮನೆ. ಕಟ್ಟಿದವರು ವಾಸ್ತು ನೋಡಿಯೇ ಆಗ್ನೇಯ ಮೂಲೆಯಲ್ಲಿ ಅಡುಗೆಮನೆ ಇಟ್ಟಿದ್ದಾರೆ. ನಡುಮನೆಯಿಂದ ಒಲೆಯ ಕಡೆ ಮುಖ ಮಾಡಿ ನಿಂತರೆ ಅದೇ ಆಗ್ನೇಯ. ಲೆಕ್ಕ ಹಾಕಿದರೆ ನಮ್ಮ ಊರಿಗೆ ಉಪಗ್ರಹ ಉತ್ತರದಿಂದ ಸುಮಾರು 126 ಡಿಗ್ರಿಯಲ್ಲಿ ಬರುತ್ತದೆ. ಸರಿಯಾದ ಆಗ್ನೇಯ 135. ಅಂದರೆ ಒಲೆಯಿಂದ ಒಂದಿಷ್ಟು ಪೂರ್ವಕ್ಕೆ ಸರಿದರೆ ಆಯಿತು. ಗೋಡೆಯ ನೇರ ಹಿಡಿದು ಅಂಗಳದಲ್ಲಿ ಒಂದು ದಾರ ಕಟ್ಟಿದೆ. ಮೊಬೈಲ್ ಕೊಡದ ದಿಕ್ಕನ್ನು ಮುತ್ತಜ್ಜನ ಒಲೆ ಕೊಟ್ಟಿತು.

ಇನ್ನು ಎತ್ತರ. ನಮ್ಮಲ್ಲಿ ಉಪಗ್ರಹ ನೆಲದಿಂದ ಸುಮಾರು 63 ಡಿಗ್ರಿ ಮೇಲಿದೆ, ಹೆಚ್ಚುಕಡಿಮೆ ಬೆಳಗಿನ ಹನ್ನೊಂದರ ಹೊತ್ತಿಗೆ ಸೂರ್ಯ ಏರಿರುವಷ್ಟು. ಆದರೆ ಡಿಶ್ ನೋಡಿದರೆ ಅದು ಅಷ್ಟು ಮೇಲೆ ನೋಡುತ್ತಿದೆ ಅನ್ನಿಸುವುದೇ ಇಲ್ಲ. ಎದುರಿನ ಗುಡ್ಡದ ತಲೆ ನೋಡುತ್ತಿರುವ ಹಾಗೆ ಕಾಣುತ್ತದೆ. ಮನೆ ಮೇಲಿನ ಡಿಶ್‌ಗಳು ಓರೆ ಬುಟ್ಟಿಗಳು. ಎಲ್‌ಎನ್‌ಬಿ ನಡುವೆ ಇರುವುದಿಲ್ಲ, ಕೆಳಗಿನ ಕೋಲಿನಲ್ಲಿ ಇರುತ್ತದೆ. ಅದಕ್ಕೇ ಬುಟ್ಟಿಯ ಮುಖ ಎಲ್ಲಿ ನೋಡುತ್ತದೋ ಅದಕ್ಕಿಂತ ಇಪ್ಪತ್ತು ಡಿಗ್ರಿಗೂ ಹೆಚ್ಚು ಮೇಲಿನಿಂದ ಸಿಗ್ನಲ್ ಬರುತ್ತದೆ. ನಾನು ಎರಡು ದಿನ ಬುಟ್ಟಿಯ ಮುಖವನ್ನೇ ಆಕಾಶಕ್ಕೆ ಎತ್ತಿ ಎತ್ತಿ ಹುಡುಕಿದ್ದೆ. ಸಿಗದೇ ಇದ್ದದ್ದರಲ್ಲಿ ಆಶ್ಚರ್ಯ ಇಲ್ಲ.

ಇಷ್ಟೆಲ್ಲ ತಿಳಿದುಕೊಂಡದ್ದು ಗುಡ್ಡದ ಬಂಡೆಯ ಮೇಲೆ ಛತ್ರಿ ಹಿಡಿದು ನಿಂತು, ಒಂದೊಂದು ಪುಟ ತೆರೆಯಲು ಐದೈದು ನಿಮಿಷ ಕಾದು. ಅಷ್ಟರಲ್ಲಿ ನಾಲ್ಕು ದಿನ ಆಗಿತ್ತು.

ಐದನೇ ದಿನ ಬೆಳಿಗ್ಗೆ ಉದ್ದಳತೆ ಲೆಕ್ಕ ಬರೆಯಲು ಒಂದು ಹಾಳೆ ಬೇಕಾಯಿತು. ತಂಗಿಯ ಗಣಿತದ ನೋಟ್ ಪುಸ್ತಕ ತೆಗೆದೆ. ಆಗಸ್ಟ್ ಮೊದಲ ವಾರದವರೆಗೆ ಅಚ್ಚುಕಟ್ಟಾಗಿ ಬರೆದಿದ್ದಳು. ಆಮೇಲೆ ಖಾಲಿ ಪುಟ. ಆದರೆ ಪೂರ್ತಿ ಖಾಲಿ ಅಲ್ಲ. ಪ್ರತಿ ಪುಟದ ಮೇಲ್ಗಡೆ ಆ ದಿನದ ತಾರೀಕು ಬರೆದು ಗೆರೆ ಹಾಕಿದ್ದಳು. ಕೆಳಗೆ ಏನೂ ಇಲ್ಲ. ದಿನಕ್ಕೆ ಎರಡೆರಡು ಪುಟ. ವಿಜ್ಞಾನದ ಪುಸ್ತಕದಲ್ಲೂ ಹಾಗೇ. ಇಂಗ್ಲಿಷಿನಲ್ಲೂ ಹಾಗೇ. ಯಾರಾದರೂ ಬರೆದುಕೊಂಡಿದ್ದರೆ ಆಮೇಲೆ ಕೇಳಿ ತುಂಬಿಸಿಕೊಳ್ಳುವುದಕ್ಕೆ ಬಿಟ್ಟ ಜಾಗ. ನನ್ನನ್ನು ಅವಳು ಒಂದು ಮಾತೂ ಕೇಳಿರಲಿಲ್ಲ.

ಪುಸ್ತಕ ಅಲ್ಲೇ ಇಟ್ಟು ಹೊರಗೆ ಬಂದೆ. ಅಪ್ಪ ಅಂಗಳದಲ್ಲಿ ಕತ್ತಿ ಮಸೆಯುತ್ತಿದ್ದರು. “ಅಪ್ಪಾ, ಡಿಶ್ ಗಾಳಿಗೆ ತಿರುಗಿದ್ದಲ್ಲ. ನಾನು ತಿರುಗಿಸಿದ್ದು” ಅಂದೆ.

ಅಪ್ಪ ಮಸೆಯುವುದನ್ನು ನಿಲ್ಲಿಸಲಿಲ್ಲ. “ಗೊತ್ತು. ಗಾಳಿ ಬೋಲ್ಟು ಬಿಚ್ಚುತ್ತಾ?” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ಸ್ಪ್ಯಾನರ್ ಕೊಟ್ಟಿಗೆ ಗೂಡಲ್ಲಿದೆ, ತಗೊಂಡು ಬಾ” ಅಂದರು.

ಅವತ್ತು ನಾಲ್ಕು ಜನ ಸೇರಿ ಕೆಲಸಕ್ಕೆ ನಿಂತೆವು. ಟಿವಿ ಮುಂದೆ ತಂಗಿ. ಕಿಟಕಿಯಲ್ಲಿ ಅಮ್ಮ. ಡಿಶ್ ಹತ್ತಿರ ನಾನು. ಕಂಬ ಹಿಡಿದುಕೊಂಡು ಅಪ್ಪ. ಮೊದಲು “ಬಂತಾ? ಇಲ್ಲ. ಈಗ? ಬಂತು! ಬಂತು! ಹೋಯ್ತು!” ಎಂದೇ ಶುರುವಾಯಿತು. ನಿಮ್ಮ ಮನೆಯಲ್ಲೂ ಈ ಸಂಭಾಷಣೆ ನಡೆದಿರುತ್ತದೆ. ಅದರಲ್ಲಿ ಒಂದು ತೊಂದರೆ ಇದೆ. ಬಾಕ್ಸ್ ಸಿಗ್ನಲ್ ಹಿಡಿದು ಪಟ್ಟಿಯಲ್ಲಿ ತೋರಿಸಲು ಒಂದೆರಡು ಸೆಕೆಂಡ್ ಬೇಕು. ಒಳಗಿನವರು ನೋಡಿ ಕೂಗಲು ಇನ್ನೊಂದು ಸೆಕೆಂಡ್. “ಬಂತು” ಎಂದು ಕೇಳುವಷ್ಟರಲ್ಲಿ ನಮ್ಮ ಕೈ ಮುಂದೆ ಹೋಗಿರುತ್ತದೆ. ಆಮೇಲೆ “ಹೋಯ್ತು”.

ತಂಗಿಯೇ ದಾರಿ ಹೇಳಿದಳು. “ಅಕ್ಕಾ, ನೀನು ಒಂದು ಸಲ ಜರುಗಿಸಿ ಕೈ ಬಿಡು. ಐದು ಎಣಿಸು. ನಾನು ಬಂತು ಹೋಯ್ತು ಅನ್ನಲ್ಲ, ಅಂಕೆ ಹೇಳ್ತೀನಿ.” ಅವಳು ಅಂಕೆ ಹೇಳುವುದು, ಅಮ್ಮ ಅದನ್ನೇ ಜೋರಾಗಿ ಕೂಗುವುದು, ನಾನು ಕೇಳಿಸಿಕೊಂಡು ಮುಂದಿನ ಸಲ ಜರುಗಿಸುವುದು. ಎತ್ತರ ಒಂದು ಕಡೆ ನಿಲ್ಲಿಸಿ ಎಡದಿಂದ ಬಲಕ್ಕೆ ನಿಧಾನ. ಸಿಗದಿದ್ದರೆ ಎತ್ತರ ಒಂದು ಚೂರು ಏರಿಸಿ ಮತ್ತೆ ಎಡದಿಂದ ಬಲಕ್ಕೆ. ಗದ್ದೆ ಉಳುವ ಹಾಗೆ, ಸಾಲು ಬಿಡದೆ.

ಒಂದು ಚೂರು ಅಂದರೆ ಎಷ್ಟು ಚೂರು? ನಮ್ಮದು ಎರಡು ಅಡಿಯ ಡಿಶ್. ಅದರ ಅಂಚು ಒಂದು ಸೆಂಟಿಮೀಟರ್ ಸರಿದರೆ ನೋಟ ಸುಮಾರು ಎರಡು ಡಿಗ್ರಿ ತಿರುಗುತ್ತದೆ. ಅಷ್ಟು ದೂರದ ಆಕಾಶದಲ್ಲಿ ಅದು ಸಾವಿರ ಕಿಲೋಮೀಟರ್‌ಗಿಂತ ಹೆಚ್ಚು. ಇಲ್ಲಿ ಉಗುರಿನಷ್ಟು, ಅಲ್ಲಿ ಬೆಂಗಳೂರಿನಿಂದ ನಾಗಪುರದಷ್ಟು. ಮಳೆಯಲ್ಲಿ ನಾನು ಒಂದೊಂದು ಸಲಕ್ಕೆ ಗೇಣು ಗೇಣು ತಿರುಗಿಸಿದ್ದೆ.

ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಒಳಗಿನಿಂದ ಅಮ್ಮನ ದನಿ ಬಂತು. “ಹನ್ನೆರಡಂತೆ!” ಗಂಟೆ ಹೇಳುತ್ತಿದ್ದಾರೆ ಅಂದುಕೊಂಡೆ. ಕ್ವಾಲಿಟಿ ಹನ್ನೆರಡು! ಕೈ ನಡುಗಿತು. ಐದು ಎಣಿಸಿ ಕೂದಲೆಳೆ ಜರುಗಿಸಿದೆ. ಹತ್ತೊಂಬತ್ತು. ಇಪ್ಪತ್ತಾರು. ಮೂವತ್ತೊಂದು. ಮತ್ತೆ ಇಪ್ಪತ್ತು. ಹಿಂದಕ್ಕೆ. ಎಲ್‌ಎನ್‌ಬಿಯನ್ನು ಅದರ ಹಿಡಿಯೊಳಗೇ ನಿಧಾನ ತಿರುಗಿಸಿದೆ, ಅದರಿಂದಲೂ ನಾಲ್ಕೈದು ಏರಿತು. ಮೂವತ್ತಾರಕ್ಕೆ ನಿಂತಿತು. ಅಲ್ಲಿಂದ ಏನು ಮಾಡಿದರೂ ಮೇಲೇಳಲಿಲ್ಲ. ಚಿತ್ರ ಬರುತ್ತಿತ್ತು, ತುಸು ಗಾಳಿ ಬೀಸಿದರೆ ಒಡೆಯುತ್ತಿತ್ತು.

ಗಾಳಿ ಬೀಸಿದರೆ ಯಾಕೆ? ಡಿಶ್ ಗಟ್ಟಿಯಾಗಿ ನಿಂತಿದೆ. ಆಗ ತಲೆ ಎತ್ತಿ ನೋಡಿದೆ. ಡಿಶ್‌ನ ಮುಖ ನೋಡುವ ಕಡೆ ಏನೂ ಅಡ್ಡ ಇರಲಿಲ್ಲ. ಆದರೆ ಸಿಗ್ನಲ್ ಬರುವ ಕಡೆ, ಅದಕ್ಕಿಂತ ಬಹಳ ಮೇಲೆ, ಹಲಸಿನ ಮರದ ಒಂದು ಕೊಂಬೆ ಚಾಚಿಕೊಂಡಿತ್ತು. ನೀರು ಕುಡಿದು ಭಾರವಾದ ದಪ್ಪ ಎಲೆಗಳು. ಡಿಶ್ ಹಾಕಿಸಿದಾಗ ಆ ಕೊಂಬೆ ಅಲ್ಲಿರಲಿಲ್ಲ. ವರ್ಷ ವರ್ಷವೂ ಚಾಚುತ್ತಾ ಬಂದಿದೆ. ನಮ್ಮ ಮನೆ ಟಿವಿ ಸಣ್ಣ ಮಳೆಗೂ ಹೋಗುತ್ತಿದ್ದದ್ದು ಇದಕ್ಕೇ. ಮಳೆ ನೆಪವಾಗಿತ್ತು, ಅರ್ಧ ಸಿಗ್ನಲ್ಲನ್ನು ಮರವೇ ತಿನ್ನುತ್ತಿತ್ತು.

ಅಪ್ಪ ಮಸೆದಿಟ್ಟ ಕತ್ತಿ ನೋಡಿದರು. ಜಗಲಿಯಿಂದ ಅಜ್ಜಿ ಹೇಳಿದರು, “ಆ ಮರ ನೀನು ಹುಟ್ಟಿದ ವರ್ಷ ಹಾಕಿದ್ದು. ಈ ವರ್ಷ ಹಪ್ಪಳ ಆಗಿದ್ದು ಆ ಕೊಂಬೆ ಕಾಯಿಂದಲೇ.” ಅಷ್ಟೆ ಹೇಳಿದ್ದು. ಅಪ್ಪ ಕತ್ತಿ ಬಿಟ್ಟು ಹಾರೆ ತಂದರು. “ಮರ ಯಾಕೆ ಕಡಿಯೋದು, ಕಂಬ ಕೀಳು” ಅಂದರು.

ಕಂಬ ಎಷ್ಟು ದೂರ ಹಾಕಬೇಕು ಅನ್ನುವ ಲೆಕ್ಕ ಅವತ್ತು ಅಂಗಳದಲ್ಲೇ ಹಾಕಿದೆವು. ತಂಗಿಯೇ ಹಾಕಿದಳು, ಅವಳ ಗಣಿತದ ಪುಸ್ತಕದ ಹಿಂದಿನ ಹಾಳೆಯಲ್ಲಿ. 63 ಡಿಗ್ರಿ ಅಂದರೆ ಒಂದು ಅಡಿ ಮುಂದಕ್ಕೆ ಹೋದರೆ ಸಿಗ್ನಲ್ಲಿನ ದಾರಿ ಸುಮಾರು ಎರಡು ಅಡಿ ಮೇಲೇರುತ್ತದೆ. ಆದ್ದರಿಂದ ಮರ ಡಿಶ್‌ಗಿಂತ ಎಷ್ಟು ಎತ್ತರ ಇದೆಯೋ ಅದರ ಅರ್ಧದಷ್ಟು ದೂರ ಇದ್ದರೆ ಸಾಕು. ಡಿಶ್‌ಗಿಂತ ಮೂವತ್ತು ಅಡಿ ಎತ್ತರದ ಮರವಾದರೆ ಕೊಂಬೆಯ ತುದಿಯಿಂದ ಹದಿನೈದು ಅಡಿ. ಮಲೆನಾಡಿನಲ್ಲಿ ಮರದ ನಡುವೆ ಮನೆ ಇರುವವರಿಗೆ ಇದಕ್ಕಿಂತ ಉಪಯೋಗದ ಲೆಕ್ಕ ನನಗೆ ಗೊತ್ತಿಲ್ಲ. ಸಿಗ್ನಲ್ ಮೇಲಿನಿಂದ ಬರುವುದರಿಂದ ದೂರದ ಗುಡ್ಡ, ದೂರದ ಮರ ಏನೂ ಮಾಡುವುದಿಲ್ಲ. ತೊಂದರೆ ಕೊಡುವುದು ಹತ್ತಿರದ್ದೇ.

ನಾವು ಕಂಬವನ್ನು ಹತ್ತು ಅಡಿ ಆಚೆ, ಬಾವಿಕಟ್ಟೆಯ ಪಕ್ಕಕ್ಕೆ ಒಯ್ದೆವು. ಅಪ್ಪ ಗುಂಡಿ ತೆಗೆದರು. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಎರಡು ಕಡೆಯಿಂದ ನೋಡಿ ಕಂಬ ನೆಟ್ಟಗೆ ನಿಲ್ಲಿಸಿದರು. ಇದು ಸುಮ್ಮನೆ ಅಂದಕ್ಕಲ್ಲ. ಕಂಬ ವಾಲಿದ್ದರೆ ಡಿಶ್ಶನ್ನು ಪಕ್ಕಕ್ಕೆ ತಿರುಗಿಸುವಾಗ ಎತ್ತರವೂ ತಪ್ಪುತ್ತದೆ, ಹುಡುಕಿದಷ್ಟೂ ಸಿಗುವುದಿಲ್ಲ. ಹಳೇ ಪಿನ್ ಬಿಚ್ಚಿದರೆ ಒಳಗೆ ಹಸಿರು ಕಿಲುಬು. ತಂತಿ ಹೊಸದಾಗಿ ಸೀಳಿ ಪಿನ್ ಹಾಕಿದೆವು, ನೀರು ಇಳಿಯದ ಹಾಗೆ ಟೇಪು ಸುತ್ತಿದೆವು. ಎಲ್‌ಎನ್‌ಬಿ ಕೆಳಗೆ ಕೇಬಲ್ಲನ್ನು ಸ್ವಲ್ಪ ಜೋಲು ಬಿಟ್ಟೆವು, ಹರಿದು ಬಂದ ನೀರು ಅಲ್ಲೇ ತೊಟ್ಟಿಕ್ಕಲಿ ಎಂದು.

ಸಿಮೆಂಟು ಗಟ್ಟಿಯಾಗಲು ಎರಡು ದಿನ ಬಿಟ್ಟೆವು. ಖಾಲಿ ಪುಟಗಳು ಇನ್ನಷ್ಟು ಹೆಚ್ಚಾದವು. ಮೂರನೇ ದಿನ ಮತ್ತೆ ನಾಲ್ಕು ಜನ ಅವರವರ ಜಾಗದಲ್ಲಿ ನಿಂತೆವು. ಈ ಸಲ ಹುಡುಕಾಟ ಇಪ್ಪತ್ತು ನಿಮಿಷವೂ ಆಗಲಿಲ್ಲ. ನಲವತ್ತು, ಐವತ್ತೈದು, ಅರವತ್ತೆಂಟು, ಎಪ್ಪತ್ತೆರಡು. ಬೋಲ್ಟುಗಳನ್ನು ಒಂದಾದ ಮೇಲೆ ಒಂದು ಸ್ವಲ್ಪ ಸ್ವಲ್ಪವೇ ಬಿಗಿದೆ. ಒಂದನ್ನೇ ಪೂರ್ತಿ ಬಿಗಿದರೆ ಡಿಶ್ ಆ ಕಡೆ ಎಳೆದುಕೊಂಡು ಅಂಕೆ ಇಳಿಯುತ್ತದೆ. ಕೊನೆಯ ಬೋಲ್ಟು ಬಿಗಿದು ಕೈ ಬಿಟ್ಟೆ. “ಎಷ್ಟು?” ಎಂದು ಕೂಗಿದೆ.

ಉತ್ತರ ಬರಲಿಲ್ಲ. ಮತ್ತೆ ಕೂಗಿದೆ. ಅಮ್ಮ ಕಿಟಕಿಯಿಂದ ಬೆರಳು ಬಾಯಿಗಿಟ್ಟು ಸುಮ್ಮನಿರು ಅಂದರು. ಒಳಗೆ ಪಾಠ ಶುರುವಾಗಿತ್ತು.

ಆ ಖಾಲಿ ಪುಟಗಳು ಹಾಗೇ ಉಳಿಯಲಿಲ್ಲ. ಆ ತಿಂಗಳಲ್ಲೇ ವಿದ್ಯಾಗಮ ಶುರುವಾಗಿ ಮೇಷ್ಟ್ರು ಊರೂರಿಗೆ ಬರತೊಡಗಿದರು. ನಮ್ಮ ಕಡೆ ದೇವಸ್ಥಾನದ ಜಗಲಿಯಲ್ಲಿ ಮಕ್ಕಳನ್ನು ಕೂರಿಸಿಕೊಳ್ಳುತ್ತಿದ್ದರು. ತಂಗಿ ಅಲ್ಲಿ ಬೇರೆ ಊರಿನ ಹುಡುಗಿಯ ಪುಸ್ತಕ ತಂದು ಬರೆದುಕೊಂಡಳು. ಗಣಿತದ ಒಂದು ಪಾಠ ಮಾತ್ರ ಯಾರ ಹತ್ತಿರವೂ ಇರಲಿಲ್ಲ, ಅವತ್ತು ಎಲ್ಲರ ಮನೆಯಲ್ಲೂ ಕರೆಂಟ್ ಇರಲಿಲ್ಲವಂತೆ. ಆ ಎರಡು ಪುಟ ಖಾಲಿಯೇ ಉಳಿದವು. ನಾನೂ ಅವಳೂ ಕೂತು ಪಠ್ಯಪುಸ್ತಕ ನೋಡಿ ಆ ಲೆಕ್ಕಗಳನ್ನು ಬೇರೆ ಹಾಳೆಯಲ್ಲಿ ಮಾಡಿದೆವು. ಮರುವರ್ಷ ಜುಲೈನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಎರಡೇ ದಿನ ನಡೆಯಿತು, ಬಹು ಆಯ್ಕೆಯ ಪ್ರಶ್ನೆಗಳು. ಪಾಸಾದಳು. ಆ ವರ್ಷ ಹೆಚ್ಚುಕಡಿಮೆ ಎಲ್ಲರೂ ಪಾಸು, ಅದು ದೊಡ್ಡ ಮಾತಲ್ಲ. ಪಿಯುಸಿಗೆ ಸೈನ್ಸ್ ತೆಗೆದುಕೊಂಡಳು. ಅದು ನನಗೆ ದೊಡ್ಡ ಮಾತು.

ನಮ್ಮ ಡಿಶ್ ಸರಿಯಾದ ಸುದ್ದಿ ಹನ್ನೊಂದು ಮನೆಗೂ ಹೋಯಿತು. ಆ ತಿಂಗಳು ನಾಲ್ಕು ಮನೆಯ ಡಿಶ್ ಸರಿ ಮಾಡಿದೆ. ಒಂದು ಕಡೆ ಎಲ್‌ಎನ್‌ಬಿ ಮೂತಿಯ ಮೇಲೆ ಕಣಜ ಮಣ್ಣಿನ ಗೂಡು ಕಟ್ಟಿತ್ತು, ಕೆರೆದು ತೆಗೆದದ್ದೇ ರಿಪೇರಿ. ಇನ್ನೊಂದು ಕಡೆ ಯಾರೋ ಡಿಶ್‌ಗೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ್ದರು. ಸೀರೆ ಹಾಕಿದ ದಿನ ಟಿವಿ ಇಲ್ಲ, ತೆಗೆದ ದಿನ ಇದೆ. ಮತ್ತೊಂದು ಮನೆಯಲ್ಲಿ ಸಿಡಿಲಿಗೆ ಬಾಕ್ಸೇ ಸುಟ್ಟಿತ್ತು. ಗುಡುಗು ಶುರುವಾಗುವ ಮೊದಲೇ ಕರೆಂಟಿನ ಪ್ಲಗ್ಗೂ ಡಿಶ್‌ನ ಕೇಬಲ್ಲೂ ಎರಡನ್ನೂ ಬಿಚ್ಚಿಡಬೇಕು. ಅವರು ಪ್ಲಗ್ ಮಾತ್ರ ತೆಗೆದಿದ್ದರು. ಎಲ್ಲ ಕಡೆಯೂ ಮೊದಲ ಮಾತು ಒಂದೇ, “ಗಾಳಿಗೆ ತಿರುಗಿದೆ ಕಣೇ.” ನಾನು ಬೋಲ್ಟು ನೋಡುತ್ತಿದ್ದೆ, ಏನೂ ಹೇಳುತ್ತಿರಲಿಲ್ಲ.

ಸೆಪ್ಟೆಂಬರ್ ಕೊನೆಯಲ್ಲಿ ಒಂದು ದಿನ, ಬಿಸಿಲು ಚೆನ್ನಾಗಿದೆ, ಮೋಡ ಇಲ್ಲ, ಹನ್ನೊಂದು ಗಂಟೆಯ ಹತ್ತಿರ ಚಿತ್ರ ಪೂರ್ತಿ ಹೋಯಿತು. ಹಳೇ ಅಭ್ಯಾಸ, ಕೈ ಸ್ಪ್ಯಾನರ್ ಕಡೆ ಹೋಯಿತು. ತಂಗಿ, “ಅಕ್ಕಾ, ಕೂತ್ಕೋ” ಅಂದಳು. ಕೂತೆ. ಕೆಲವೇ ನಿಮಿಷಕ್ಕೆ ತಾನೇ ಬಂತು. ಮರುದಿನವೂ ಅದೇ ಹೊತ್ತಿಗೆ ಹೋಗಿ ಬಂತು. ಓದಿದರೆ, ವರ್ಷಕ್ಕೆ ಎರಡು ಸಲ, ಮಾರ್ಚ್ ನಡುವೆ ಮತ್ತು ಸೆಪ್ಟೆಂಬರ್ ಕೊನೆಯ ಆಸುಪಾಸು, ಕೆಲವು ದಿನ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬಂದು ನಿಲ್ಲುತ್ತಾನಂತೆ. ಅವನ ಅಬ್ಬರದಲ್ಲಿ ಉಪಗ್ರಹದ ಸಣ್ಣ ದನಿ ಡಿಶ್‌ಗೆ ಕೇಳುವುದಿಲ್ಲ.

ಅವತ್ತು ಹೊರಗೆ ಹೋಗಿ ಡಿಶ್ ನೋಡಿದೆ, ಮುಟ್ಟಲಿಲ್ಲ. ಬುಟ್ಟಿಯ ಮೇಲೆ ಎಲ್ಲೂ ಮರದ ನೆರಳು ಇರಲಿಲ್ಲ. ಹಳೇ ಕಂಬ ಇದ್ದ ಜಾಗದಲ್ಲಿ ಹಲಸಿನ ಕೊಂಬೆಯ ನೆರಳು ಬಿದ್ದಿತ್ತು. ಆ ಹೊತ್ತಿಗೆ ಸೂರ್ಯ ಇರುವ ಜಾಗವೇ ಉಪಗ್ರಹದ ಜಾಗ. ಆಗ ನಿಮ್ಮ ಡಿಶ್ ಮೇಲೆ ನೆರಳು ಬಿದ್ದರೆ ಸಿಗ್ನಲ್‌ಗೂ ಅದೇ ಅಡ್ಡ. ಯಾವ ಯಂತ್ರವೂ ಬೇಡ. ಫ್ರೀ ಡಿಶ್ ಇರುವವರು ಆ ದಿನಗಳಲ್ಲಿ ಹನ್ನೊಂದು ಗಂಟೆ ಸುಮಾರಿಗೆ ಅಂಗಳಕ್ಕೆ ಬಂದು ನೋಡಿ. ಸೂರ್ಯನನ್ನು ನೋಡಬೇಡಿ, ನೆರಳು ನೋಡಿದರೆ ಸಾಕು.

ಈಗ ನಾನು ಮತ್ತೆ ಕೆಲಸದಲ್ಲಿದ್ದೇನೆ, ತಂಗಿ ಹಾಸ್ಟೆಲ್‌ನಲ್ಲಿದ್ದಾಳೆ. ಡಿಶ್ ಮತ್ತೆ ಅಜ್ಜಿಯ ಹಳೇ ಸಿನಿಮಾಕ್ಕೆ ಸೇರಿದೆ. ಹೋದ ಮಳೆಗಾಲ ಅಮ್ಮ ಫೋನ್ ಮಾಡಿದಾಗ ಹಿಂದೆ ಮಳೆ ಸುರಿಯುವ ಸದ್ದು ಕೇಳುತ್ತಿತ್ತು. “ಟಿವಿ ಹೋಗಿದೆ” ಅಂದರು.

“ಅಪ್ಪ ಎಲ್ಲಿ?” ಎಂದು ಕೇಳಿದೆ.

“ಇಲ್ಲೇ ಕೂತಿದಾರೆ. ಮಳೆ ನಿಲ್ಲಲಿ ಅಂತಾರೆ.”